ಇಲ್ಲಿ ತಿನ್ನೋಣವಾ, ಬೇಡವಾ?

ಪ್ಲೇಸ್‌ಮೆಂಟ್, ಬ್ಯಾಕ್‌ಲಾಗ್ ಎರಡಕ್ಕಿಂತ ಹೆಚ್ಚು ಸಲ ನಮ್ಮ ನಡುವೆ ಚರ್ಚೆಯಾಗುವ ಪ್ರಶ್ನೆ ಇದು. ಸಂಜೆ ಲ್ಯಾಬ್ ಮುಗಿಸಿ ಊರಿಗಾಂ ಸ್ಟೇಷನ್ ಕಡೆ ನಡೆದರೂ ಅಷ್ಟೇ, ರಾಬರ್ಟ್‌ಸನ್‌ಪೇಟೆಗೆ ಹೋದರೂ ಅಷ್ಟೇ, ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದರೂ ಅಷ್ಟೇ. ಒಂದು ನೂಡಲ್ಸ್ ಗಾಡಿಯ ಮುಂದೆಯೋ ಚಾಟ್ ಅಂಗಡಿಯ ಮುಂದೆಯೋ ನಾಲ್ಕೈದು ಜನ ನಿಂತುಬಿಡುತ್ತೇವೆ. ಒಬ್ಬ ಮೊಬೈಲ್ ತೆಗೆದು ಎಷ್ಟು ಸ್ಟಾರ್ ಇದೆ ಅಂತ ನೋಡ್ತಾನೆ. ಒಬ್ಬಳು ದೂರದಿಂದಲೇ "ಕ್ಲೀನ್ ಇಲ್ಲ ಕಣೇ, ಬೇಡ" ಅಂತಾಳೆ. ಇನ್ನೊಬ್ಬ "ನಮ್ಮ ಹೊಟ್ಟೆ ಗಟ್ಟಿ ಮಗಾ" ಅಂತ ಅಷ್ಟರಲ್ಲಿ ಆರ್ಡರ್ ಕೊಟ್ಟಾಗಿರುತ್ತೆ. ಮೂರು ಜನರೂ ನೋಡಬೇಕಾದ ಕಡೆ ನೋಡ್ತಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಸ್ಟಾರ್ ವಿಷಯ. ನಾಲ್ಕನೇ ಸೆಮಿಸ್ಟರ್‌ನ ಗಣಿತದಲ್ಲಿ ಸ್ಯಾಂಪಲಿಂಗ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ಜನ ಕೊಟ್ಟ 4.6ಕ್ಕೂ ಒಂಬೈನೂರು ಜನ ಕೊಟ್ಟ 4.1ಕ್ಕೂ ಇರುವ ವ್ಯತ್ಯಾಸ ಪರೀಕ್ಷೆಯಲ್ಲಿ ಬರೆಯಲು ನಮಗೆ ಗೊತ್ತು, ಪರೋಟ ಅಂಗಡಿಯ ಮುಂದೆ ಮಾತ್ರ ಮರೆತುಹೋಗುತ್ತೆ. ನಮ್ಮೂರಿನ ಅರ್ಧಕ್ಕರ್ಧ ಗಾಡಿಗಳು ಮ್ಯಾಪ್‌ನಲ್ಲೇ ಇಲ್ಲ. ಇರುವವುಗಳಿಗೆ ರೇಟಿಂಗ್ ಕೊಟ್ಟವರು ಅಂಗಡಿಯವರ ಚಿಕ್ಕಪ್ಪನ ಮಕ್ಕಳೋ ಏನೋ. ಅದೂ ಹೋಗಲಿ. ಸ್ಟಾರ್‌ನ ದೊಡ್ಡ ತೊಂದರೆ ಸಮಯದ್ದು. ನಾಲಿಗೆ ತೀರ್ಪು ಕೊಡುವುದು ಐದು ನಿಮಿಷದಲ್ಲಿ. ಹೊಟ್ಟೆ ಅಷ್ಟು ಬೇಗ ಕೊಡಲ್ಲ. ಟೈಫಾಯ್ಡ್ ರೋಗಾಣು ಒಳಗೆ ಹೋದರೆ ಜ್ವರ ಕಾಣಿಸೋಕೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಕೆಟ್ಟ ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ, ಸರಾಸರಿ ನಾಲ್ಕು ವಾರ ತೆಗೆದುಕೊಳ್ಳುತ್ತೆ. ಒಂದು ತಿಂಗಳ ಹಿಂದೆ ಯಾವ ಗಾಡಿಯಲ್ಲಿ ಏನು ತಿಂದಿದ್ದೆವು ಅಂತ ಯಾರಿಗೆ ನೆನಪಿರುತ್ತೆ? ನಾವು ಬೈಯೋದು ನಿನ್ನೆ ರಾತ್ರಿ ತಿಂದ ಅಂಗಡಿಯನ್ನು, ಪಾಪ ಅವರದ್ದೇನೂ ತಪ್ಪಿರಲ್ಲ. ಹೀಗಿರುವಾಗ ಸ್ಟಾರ್‌ನಿಂದ ರುಚಿ ಗೊತ್ತಾಗಬಹುದು, ತಿಂದರೆ ಏನಾಗುತ್ತೆ ಅನ್ನೋದು ಗೊತ್ತಾಗಲ್ಲ.

ಇದು ತಮಾಷೆಯ ವಿಷಯವೂ ಅಲ್ಲ. ವಿಟಿಯುನಲ್ಲಿ ಪ್ರತಿ ಸಬ್ಜೆಕ್ಟಿಗೂ 85% ಹಾಜರಿ ಬೇಕು. ಒಂದು ಕಾಮಾಲೆ ಬಂದರೆ ಮೂರು ನಾಲ್ಕು ವಾರ ಹಾಸಿಗೆ, ಆಮೇಲೆ ಮೆಡಿಕಲ್ ಸರ್ಟಿಫಿಕೇಟ್ ಹಿಡಿದುಕೊಂಡು ಎಚ್‌ಓಡಿ ರೂಮಿನ ಮುಂದೆ ನಿಲ್ಲೋದು. ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಬಂದರೆ ಪಕ್ಕದ ರೂಮಿಗೂ ಬರುತ್ತೆ. "ಹೊಟ್ಟೆ ಗಟ್ಟಿ" ಅನ್ನುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ. ದಿನಾ ತಿಂದು ದಿನಾ ಅರಗಿಸಿಕೊಂಡವನಿಗೆ ಒಂದು ದಿನ ಬರಲ್ಲ ಅಂತ ಯಾವ ಬ್ಯಾಕ್ಟೀರಿಯಾವೂ ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟಿಲ್ಲ.

ಇನ್ನು "ಕ್ಲೀನ್ ಇಲ್ಲ" ಅನ್ನುವ ಮಾತು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕಂದ್ರೆ ಕೆಜಿಎಫ್‌ನಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ. ಚಿನ್ನದ ಗಣಿಯಲ್ಲಿ ನೆಲದಡಿ ಇಳಿದು ದುಡಿಯಲು ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದವರಲ್ಲಿ ದಲಿತ ಕುಟುಂಬಗಳೇ ಬಹಳ. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಸಾಲು ಸಾಲಾದ ಲೈನ್ ಮನೆಗಳಲ್ಲಿದ್ದಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದ ಮನೆಗಳಲ್ಲಿ ಕೆಲವರು ಬೆಂಗಳೂರಿನ ರೈಲು ಹತ್ತಿದರು, ಕೆಲವರು ಬಾಣಲೆ ಇಟ್ಟರು. ಈಗ ಒಂದು ಲೈನ್‌ನ ಮೂಲೆಯಲ್ಲಿ ಅಕ್ಕ ಒಬ್ಬರು ಬಜ್ಜಿ ಹಾಕುತ್ತಿದ್ದರೆ, ಎಣ್ಣೆ ನೋಡದೆ, ನೀರು ನೋಡದೆ, ಹತ್ತಿರಕ್ಕೂ ಹೋಗದೆ "ಆ ಕಡೆ ಎಲ್ಲ ಕ್ಲೀನ್ ಇರಲ್ಲ" ಅಂದರೆ ನಾವು ನೋಡಿದ್ದು ಏನನ್ನು? ಅಡುಗೆ ಹೇಗಾಗಿದೆ ಅಂತ ಕೇಳುವ ಬದಲು ಅಡುಗೆ ಮಾಡಿದವರು ಯಾರು ಅಂತ ಕೇಳಿದ ಹಾಗಾಯಿತು. ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಅದಕ್ಕೆ ಮೈಲಿಗೆ ಅಂತ ಹೆಸರಿತ್ತು. ನಾವು ಅದನ್ನೇ ಹೈಜೀನ್ ಅಂತ ಕರೆದರೆ ಪದ ಬದಲಾಯಿತು ಅಷ್ಟೇ. ನಮ್ಮ ಕ್ಲಾಸಿನಲ್ಲೇ ಆ ಲೈನ್‌ಗಳಿಂದ ಬರುವವರು ಇದ್ದಾರೆ, ಈ ಮಾತು ಅವರ ಕಿವಿಗೂ ಬೀಳುತ್ತೆ.

ಹಾಗಂತ ಸ್ವಚ್ಛತೆಯ ಪ್ರಶ್ನೆಯೇ ಸುಳ್ಳು ಅಂತ ಹೇಳ್ತಿಲ್ಲ. ಕೇಳಲೇಬೇಕು. ಏನನ್ನು ಕೇಳಬೇಕು ಅನ್ನೋದಕ್ಕೆ ನಮ್ಮ ಪಕ್ಕದ ಬಂಗಾರಪೇಟೆಗಿಂತ ಒಳ್ಳೆಯ ಪಾಠ ಇಲ್ಲ.

ಒಂದು ಕಾಲದಲ್ಲಿ ಬೌರಿಂಗ್‌ಪೇಟೆ ಎಂದು ಕರೆಸಿಕೊಂಡಿದ್ದ ಈ ಊರು ಈಗ ಬೆಂಗಳೂರಿನ ಬಡಾವಣೆಗಳ ಬೋರ್ಡುಗಳಲ್ಲಿ ಇದೆ: "ಬಂಗಾರಪೇಟೆ ಚಾಟ್ಸ್". ಹೊರಗಿನವರು ಮೊದಲ ಸಲ ಇಲ್ಲಿನ ಪಾನಿಪೂರಿ ನೋಡಿದಾಗ ಮೋಸ ಹೋದ ಮುಖ ಮಾಡ್ತಾರೆ. ಪಾನಿ ಹಸಿರಾಗಿರಲ್ಲ, ಕಂದಾಗಿರಲ್ಲ. ಬರೀ ನೀರು ಕೊಟ್ಟ ಹಾಗಿರುತ್ತೆ, ಲೋಟದ ಆ ಕಡೆ ಇರುವವನ ಮುಖ ಕಾಣುವಷ್ಟು ತಿಳಿ. ಬಾಯಿಗೆ ಹೋದ ಮೇಲೆ ಖಾರ, ಹುಳಿ ಎಲ್ಲ ಒಟ್ಟಿಗೆ ಹತ್ತಿ ಕಣ್ಣಲ್ಲಿ ನೀರು. ಆ ಪಾನಿ ಹೇಗೆ ಮಾಡ್ತಾರೆ ಅಂತ ಕೇಳಿದರೆ ನಕ್ಕು ಸುಮ್ಮನಾಗ್ತಾರೆ, ಅದು ಅವರ ಹೊಟ್ಟೆಪಾಡಿನ ಗುಟ್ಟು, ಇರಲಿ ಬಿಡಿ.

2024ರಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನು ಸರ್ಕಾರ ನಿಷೇಧಿಸಿತು. ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಅದೇ ಹೊತ್ತಿಗೆ ರಾಜ್ಯದ ಬೇರೆ ಬೇರೆ ಕಡೆಯಿಂದ ತಂದ ಸುಮಾರು 260 ಪಾನಿಪೂರಿ ಮಾದರಿ ಪರೀಕ್ಷೆ ಮಾಡಿದರೆ 41 ಅಸುರಕ್ಷಿತ ಅಂತ ಬಂತು, ಮುಖ್ಯ ಕಾರಣ ಮತ್ತೆ ಬಣ್ಣ. ಪುದೀನ, ಕೊತ್ತಂಬರಿ ಹಾಕಿದರೆ ಬರುವ ಹಸಿರು ಮಂಕಾಗಿರುತ್ತೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತೆ. ಗಿಳಿ ಹಸಿರೇ ಬೇಕು ಅಂತ ಗಿರಾಕಿ ಹಟ ಹಿಡಿದರೆ ಅಂಗಡಿಯವರು ಪುಡಿ ಪೊಟ್ಟಣ ಹುಡುಕ್ತಾರೆ. ಅಂದರೆ ಅಲ್ಲಿ ತಪ್ಪು ಅರ್ಧ ನಮ್ಮ ಕಣ್ಣಿನದ್ದು. ಬಂಗಾರಪೇಟೆಯ ತಿಳಿನೀರಿನಲ್ಲಿ ಈ ಒಂದು ಮೋಸಕ್ಕೆ ಜಾಗವೇ ಇಲ್ಲ. ಬಣ್ಣ ಹಾಕಿದರೆ ಆ ಕ್ಷಣವೇ ಗೊತ್ತಾಗಿಬಿಡುತ್ತೆ.

ಆದರೆ ತಿಳಿ ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ. ನಮ್ಮ ಕೋಲಾರ ಜಿಲ್ಲೆಯವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಬರುವ ನೀರು ಕನ್ನಡಿ ಹಾಗಿರುತ್ತೆ, ಒಳಗೆ ಫ್ಲೋರೈಡ್ ಇರುತ್ತೆ. ಕುಡಿಯುವ ನೀರಿಗೆ ಬಿಐಎಸ್ ಇಟ್ಟ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ಅದನ್ನು ಮೀರಿದ ನೀರು ಕುಡಿದು ಹಲ್ಲು ಕಂದಾದವರನ್ನು ನಾವೆಲ್ಲ ಹಳ್ಳಿಗಳಲ್ಲಿ ನೋಡಿದ್ದೇವೆ. ಇಲ್ಲೊಂದು ಸೂಕ್ಷ್ಮ ಇದೆ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಆರ್‌ಓನಲ್ಲಿ ಫ್ಲೋರೈಡ್ ಕಮ್ಮಿಯಾಗುತ್ತೆ, ಆದರೆ ಆ ನೀರು ತುಂಬಿದ ಕ್ಯಾನ್ ಕೊಳೆಯಾಗಿದ್ದರೆ ರೋಗಾಣು ಮತ್ತೆ ಸೇರಿಕೊಳ್ಳುತ್ತೆ. ಒಂದು ಪ್ಲೇಟ್ ಪಾನಿಪೂರಿಯಿಂದ ಫ್ಲೋರೈಡ್ ತೊಂದರೆ ಆಗಲ್ಲ, ಅದು ವರ್ಷಗಟ್ಟಲೆ ಕುಡಿದರೆ ಬರುವಂಥದ್ದು. ಪಾನಿಪೂರಿ ಗಾಡಿಯಲ್ಲಿ ಭಯಪಡಬೇಕಾದ್ದು ರೋಗಾಣುವಿಗೆ, ಮತ್ತು ಆ ಪಾತ್ರೆಯೊಳಗೆ ಮೊಣಕೈವರೆಗೆ ಮುಳುಗುವ ಕೈಗೆ.

ಆದ್ದರಿಂದ ಅಲ್ಲಿ ನಾವು ನೋಡೋದು ಇಷ್ಟೇ: ಕ್ಯಾನ್ ನೀರಾ, ನಲ್ಲಿ ನೀರಾ; ಪಾನಿಗೆ ಸೌಟು ಹಾಕ್ತಾರಾ, ಕೈ ಹಾಕ್ತಾರಾ. ಗ್ಲೌಸ್ ನೋಡಿ ನಂಬಬೇಡಿ. ಅದೇ ಗ್ಲೌಸಿನಲ್ಲಿ ನೋಟು ಎಣಿಸಿ, ಮೂಗು ಒರೆಸಿ, ಮತ್ತೆ ಪೂರಿ ಒಡೆಯೋರನ್ನೂ ನೋಡಿದ್ದೇವೆ. ಒಂದು ಲೆಕ್ಕದಲ್ಲಿ ಕ್ಯೂಆರ್ ಕೋಡ್ ಬಂದಿದ್ದು ಚಾಟ್ ತಿನ್ನುವವರಿಗೆ ದೊಡ್ಡ ಉಪಕಾರ, ಚಿಲ್ಲರೆ ಮುಟ್ಟೋದೇ ತಪ್ಪಿತು.

ಬಿಸಿ ತಿಂಡಿಗೆ ಲೆಕ್ಕ ಬೇರೆ. ಇಲ್ಲಿ ರಾಮೆನ್ ಮಾತು ಬರಬೇಕು, ಯಾಕಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಈಗ ಅರ್ಧ ಜನ ಅನಿಮೆ ಹುಚ್ಚರು, ನರೂಟೋ ಕೂತು ತಿನ್ನುವ ಆ ಇಚಿರಾಕು ಅಂಗಡಿಯ ಹಾಗೆ ಒಂದು ಬಟ್ಟಲು ತಿನ್ನಬೇಕು ಅಂತ ಬೆಂಗಳೂರಿಗೆ ಹೋಗಿ ಒಂದು ವಾರದ ಪಾಕೆಟ್ ಮನಿ ಕಳೆದುಕೊಂಡು ಬರ್ತಾರೆ. ಅಲ್ಲಿ ಏಸಿ ರೆಸ್ಟೋರೆಂಟ್‌ನಲ್ಲಿ ಸಿಗುವ ರಾಮೆನ್ ಜಪಾನಿನಲ್ಲಿ ನಮ್ಮ ಗಾಡಿ ನೂಡಲ್ಸ್ ಥರದ್ದೇ. ಚೀನಾದಿಂದ ಬಂದ ಗೋಧಿ ಶ್ಯಾವಿಗೆ, ಟೋಕಿಯೋದ ಅಸಾಕುಸದಲ್ಲಿ 1910ರಲ್ಲಿ ಶುರುವಾದ ರೈರೈಕೆನ್ ಎಂಬ ಅಂಗಡಿಯಿಂದ ಜನಪ್ರಿಯವಾಯಿತು, ಎರಡನೇ ಮಹಾಯುದ್ಧದ ನಂತರ ಹಸಿದ ಊರುಗಳಲ್ಲಿ ತಳ್ಳುಗಾಡಿಗಳ ಮೇಲೆ ಹೊಟ್ಟೆ ತುಂಬಿಸಿತು. 1958ರಲ್ಲಿ ಮೊಮೊಫುಕು ಆಂಡೋ ಅದನ್ನೇ ಎಣ್ಣೆಯಲ್ಲಿ ಕರಿದು ಒಣಗಿಸಿ ಪ್ಯಾಕೆಟ್ಟಿಗೆ ಹಾಕಿದರು. ಅದರ ತಮ್ಮನ ಹಾಗಿರುವ ಮ್ಯಾಗಿ 1983ರಲ್ಲಿ ನಮ್ಮ ದೇಶಕ್ಕೆ ಬಂತು. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಗಾಡಿಯ ಮೇಲೆ ಸೋಯಾ ಸಾಸ್ ಸುರಿದು ಟಣಟಣ ಅಂತ ಕುಟ್ಟುವ ಎಗ್ ನೂಡಲ್ಸಿಗೂ ಆ ಬಟ್ಟಲಿಗೂ ದೂರದ ನೆಂಟಸ್ತಿಕೆ ಇದೆ.

ಜಪಾನಿನ ಆ ಪುಟ್ಟ ಅಂಗಡಿಗಳಲ್ಲಿ ನಂಬಿಕೆ ಹುಟ್ಟುವ ಕಾರಣ ಸರಳ. ಹತ್ತು ಕುರ್ಚಿ, ಎದುರಿಗೇ ಒಲೆ. ಮೆನುವಿನಲ್ಲಿ ನಾಲ್ಕೇ ಐಟಂ. ಸಾರು ಕುದಿಯುತ್ತಿರುತ್ತೆ, ಶ್ಯಾವಿಗೆ ನಿಮ್ಮ ಕಣ್ಣ ಮುಂದೆಯೇ ಬೆಂದು ಬಟ್ಟಲಿಗೆ ಬೀಳುತ್ತೆ. ಈ ಗುಣಗಳೆಲ್ಲ ನಮ್ಮ ಒಳ್ಳೆಯ ಗಾಡಿಗಳಲ್ಲೂ ಇವೆ. ಕಮ್ಮಿ ಐಟಂ ಇದ್ದರೆ ಸಾಮಾನು ದಿನಾ ಖಾಲಿಯಾಗುತ್ತೆ, ನಿನ್ನೆಯದು ಉಳಿಯಲ್ಲ. ಜನ ಇದ್ದರೂ ಹಾಗೇ. ರೈಲಿಳಿದ ಜನ ಏಳು ಎಂಟು ಗಂಟೆಗೆ ಮುತ್ತಿಕೊಳ್ಳುವ ಗಾಡಿಯಲ್ಲಿ ತಿನ್ನಿ ಅಂತ ನಾವು ಜೂನಿಯರ್‌ಗಳಿಗೆ ಹೇಳೋದು ಇದಕ್ಕೇ. ನಲವತ್ತೆಂಟು ಐಟಂನ ಫ್ಲೆಕ್ಸ್ ಹಾಕಿಕೊಂಡು ಖಾಲಿ ಕೂತಿರುವ ಹೋಟೆಲಿನ ಫ್ರಿಡ್ಜಿನಲ್ಲಿ ಏನೇನಿದೆಯೋ ಯಾರು ಬಲ್ಲರು.

ಬಿಸಿ ಅಂದರೆ ಎಲ್ಲವೂ ಸೇಫ್ ಅಂತಲೂ ತಿಳಿಯಬೇಡಿ. ನಮ್ಮಲ್ಲಿ ಹೆಚ್ಚು ಜನ ಎಡವೋದು ಫ್ರೈಡ್ ರೈಸ್‌ನಲ್ಲಿ, ಮತ್ತು ಅದರ ಮೇಲೆ ಯಾರಿಗೂ ಅನುಮಾನವೇ ಬರಲ್ಲ. ಮಧ್ಯಾಹ್ನ ಬೇಯಿಸಿದ ಅನ್ನ ರಾತ್ರಿ ಒಂಬತ್ತರವರೆಗೆ ಟಬ್ಬಿನಲ್ಲಿ ಹಾಗೇ ಇದ್ದರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದರ ಬೀಜಕಗಳು ಅಕ್ಕಿ ಬೆಂದರೂ ಸಾಯಲ್ಲ. ಅನ್ನ ಉಗುರು ಬೆಚ್ಚಗೆ ಕೂತಾಗ ಎದ್ದು ವಿಷ ಬಿಡುತ್ತವೆ. ಆ ವಿಷ ಎಷ್ಟು ಜೋರು ಬೆಂಕಿಯಲ್ಲಿ ಹುರಿದರೂ ಹೋಗಲ್ಲ. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಅಡುಗೆ ಬಹಳ ಹೊತ್ತು ಕೂರಬಾರದು ಅಂತ ಪುಸ್ತಕ ಹೇಳೋದು ಇದಕ್ಕೇ. ಬಾಣಲೆಯ ಜ್ವಾಲೆ ನೋಡಿ ಮರುಳಾಗದೆ ಅದರ ಪಕ್ಕದ ಟಬ್ಬಿನ ಕಡೆ ಒಂದು ಸಲ ಕಣ್ಣು ಹಾಯಿಸಿ. ಕರಿದ ತಿಂಡಿಯಲ್ಲಿ ಎಣ್ಣೆ ನೋಡಿ: ಕಪ್ಪಾಗಿ, ನೊರೆ ಎದ್ದು, ಹೊಗೆ ಬರ್ತಿದ್ದರೆ ಅದು ಎಷ್ಟು ದಿನದ್ದು ಅಂತ ಮೂಗೇ ಹೇಳುತ್ತೆ.

ಇಷ್ಟೆಲ್ಲ ನೋಡೋಕೆ ಸಾಧ್ಯವಾಗೋದು ಬೀದಿ ಬದಿಯ ಅಂಗಡಿಯಲ್ಲೇ ಅನ್ನೋದನ್ನೂ ಗಮನಿಸಿ. ಮಾಲ್‌ನಲ್ಲಿ ಅಡುಗೆಮನೆಗೆ ಬಾಗಿಲಿರುತ್ತೆ, ಬಾಗಿಲ ಮೇಲೆ "ಸಿಬ್ಬಂದಿಗೆ ಮಾತ್ರ" ಅಂತಿರುತ್ತೆ. ಕ್ಲೌಡ್ ಕಿಚನ್‌ಗೆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಿರಲ್ಲ. ಅವರನ್ನು ನಂಬ್ತೀವಿ, ಎಲ್ಲವನ್ನೂ ಬೀದಿಯಲ್ಲೇ ಬಿಚ್ಚಿಟ್ಟುಕೊಂಡು ನಿಂತವರನ್ನು ಅನುಮಾನಿಸ್ತೀವಿ. ಇದ್ಯಾವ ನ್ಯಾಯ? ಗೋಡೆ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಒಳ್ಳೆಯದೇ. ಸಣ್ಣ ವ್ಯಾಪಾರಿಗಳ ನೋಂದಣಿಗೆ 2011ರ ನಿಯಮದಲ್ಲಿ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ, ಅಷ್ಟು ಕಟ್ಟಬಹುದು. ಆದರೆ ಆ ನಂಬರ್ ಅಂಗಡಿ ದಾಖಲೆಯಲ್ಲಿದೆ ಅನ್ನೋದನ್ನು ಹೇಳುತ್ತೆ, ಇವತ್ತಿನ ಅನ್ನ ಎಷ್ಟು ಹೊತ್ತಿಗೆ ಬೆಂದಿದ್ದು ಅನ್ನೋದನ್ನು ಹೇಳಲ್ಲ.

ಹಾಗಾದರೆ ಏನಾದರೂ ಸರಿಯಿಲ್ಲ ಅಂತ ಕಂಡರೆ? ಈಗ ನಾವು ಮಾಡೋದು ಎರಡೇ ಕೆಲಸ. ಒಂದು, ಮುಖ ಸಿಂಡರಿಸಿಕೊಂಡು ಮುಂದೆ ಹೋಗೋದು. ಇಲ್ಲವಾದರೆ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕೋದು. ಎರಡರಲ್ಲೂ ಆ ಗಾಡಿಯವರಿಗೆ ಏನು ಬದಲಾಯಿಸಬೇಕು ಅಂತ ಗೊತ್ತಾಗಲ್ಲ, ನಾಳೆ ಇನ್ನೊಬ್ಬ ತಿಂತಾನೆ. ನಮ್ಮ ಪ್ರಕಾರ ಬಾಯಿಬಿಟ್ಟು ಕೇಳಬೇಕು. ಅದಕ್ಕೆ ನಮ್ಮೂರಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಇಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ ಬರುತ್ತೆ, ತೆಲುಗಲ್ಲಿ ಲೆಕ್ಕ ಹೇಳ್ತಾರೆ, ಪಕ್ಕದಲ್ಲಿ ನಿಂತವರು ಉರ್ದುವಿನಲ್ಲಿ ಸಾಕ್ಷಿ ಹೇಳ್ತಾರೆ. (ಕನ್ನಡ ಕ್ಲಬ್ಬಿನವರಾಗಿ ಇದನ್ನು ದೂರು ಅಂತ ಹೇಳ್ತಿಲ್ಲ. ತಿಂಡಿ ತಿನ್ನುತ್ತಲೇ ನಮ್ಮ ತಮಿಳು ಸುಧಾರಿಸಿದೆ, ಅವರ ಕನ್ನಡವೂ.) ಅಣ್ಣಾ, ಅಕ್ಕಾ ಅನ್ನೋದು ಕನ್ನಡಕ್ಕೂ ತಮಿಳಿಗೂ ಒಂದೇ. "ಅಣ್ಣಾ, ನೀರು ಕ್ಯಾನ್‌ದಾ?", "ಅಕ್ಕಾ, ಎಣ್ಣೆ ಬದಲಾಯಿಸಿ ಎಷ್ಟು ದಿನ ಆಯ್ತು? ನಾಳೆ ಹೊಸದು ಹಾಕಿದರೆ ಹತ್ತು ಜನ ಕರ್ಕೊಂಡು ಬರ್ತೀವಿ" ಅಂದರೆ ಯಾರೂ ಹೊಡೆಯಲ್ಲ. ಕೆಲವರು ಸಿಟ್ಟಾಗ್ತಾರೆ, "ಇಷ್ಟ ಇದ್ದರೆ ತಿನ್ನು" ಅಂತಾರೆ. ಆ ಉತ್ತರವೂ ಒಂದು ಮಾಹಿತಿಯೇ. ಬಹಳ ಜನ ಕ್ಯಾನ್ ತೋರಿಸ್ತಾರೆ. ಒಬ್ಬರಂತೂ ನಮಗೆ ಮುಚ್ಚಳ ತೆಗೆದು ಮೂಸಿ ನೋಡೋಕೆ ಕೊಟ್ಟರು.

ಹೀಗೆ ಕೇಳಿದರೆ ಬಡ ವ್ಯಾಪಾರಿಗೆ ಕಿರುಕುಳ ಕೊಟ್ಟ ಹಾಗಲ್ವಾ ಅಂತ ನಮ್ಮ ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು. ಒಪ್ಪಬಹುದಾದ ಅನುಮಾನ. ಕ್ಯಾನ್ ನೀರಿಗೆ, ಹೊಸ ಎಣ್ಣೆಗೆ ದುಡ್ಡು ಬೇಕು, ನಾವು ಮೂವತ್ತು ರೂಪಾಯಿಗೆ ಚೌಕಾಸಿ ಮಾಡ್ತಾ ಅದನ್ನೆಲ್ಲ ಕೇಳೋದು ಸರಿಯಲ್ಲ. ಐದು ರೂಪಾಯಿ ಜಾಸ್ತಿ ಕೊಡೋಕೆ ತಯಾರಿರಬೇಕು. ಬೆಂಗಳೂರಿನ ಬಟ್ಟಲಿಗೆ ವಾರದ ದುಡ್ಡು ಕೊಡೋರಿಗೆ ಇದೇನು ಭಾರ ಅಲ್ಲ. ಕೆಜಿಎಫ್‌ನಿಂದ ಸಾವಿರಾರು ಜನ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ಬರ್ತಾರೆ. ಅವರ ಸಂಬಳದಲ್ಲಿ ಸ್ವಲ್ಪ ಈ ಗಾಡಿಗಳಲ್ಲಿ ಬೀಳುತ್ತೆ, ಅದರಲ್ಲೇ ಎಷ್ಟೋ ಮನೆಯ ಮಕ್ಕಳ ಫೀಸು ಕಟ್ಟಲಾಗ್ತಿದೆ. ಅವರಲ್ಲಿ ಕೆಲವರು ನಮ್ಮ ಬೆಂಚಿನಲ್ಲೇ ಕೂತಿದ್ದಾರೆ. ಗಾಡಿ ನಿಂತರೆ ಫೀಸು ನಿಲ್ಲುತ್ತೆ, ಗಾಡಿಯ ನೀರು ಕೆಟ್ಟರೆ ಹಾಸ್ಟೆಲ್ ಮಲಗುತ್ತೆ. ಎರಡೂ ನಮಗೆ ಬೇಡ.

ಈ ಸೆಮಿಸ್ಟರ್‌ನಲ್ಲಿ ಕ್ಲಬ್ಬಿನಿಂದ ಒಂದು ಸಣ್ಣ ಕೆಲಸ ಮಾಡಬಹುದು ಅಂತ ನಮಗನ್ನಿಸಿದೆ. ಕೆಮಿಸ್ಟ್ರಿ ಲ್ಯಾಬ್‌ನವರು ಒಪ್ಪಿದರೆ, ಗಾಡಿಯವರೂ ಒಪ್ಪಿದರೆ, ಅವರ ನೀರನ್ನು ಪುಕ್ಕಟೆ ಪರೀಕ್ಷಿಸಿ ಫಲಿತಾಂಶವನ್ನು ಅವರ ಕೈಗೇ ಕೊಡೋದು. ಅದನ್ನು ಬೋರ್ಡಿನಲ್ಲಿ ಹಾಕಿಕೊಳ್ಳೋದು ಬಿಡೋದು ಅವರಿಷ್ಟ. ಕಾಲೇಜಿನ ಕ್ಯಾಂಟೀನಿನ ನೀರನ್ನು ಮೊದಲು ಪರೀಕ್ಷೆ ಮಾಡಿ ಅಂತ ಸಲಹೆ ಬಂದಿದೆ. ಅದೂ ನ್ಯಾಯವೇ, ಅಲ್ಲಿಂದಲೇ ಶುರು ಮಾಡೋಣ.

ಇನ್ನು ನಾಳೆ ಊರಿಗಾಂನಲ್ಲೇ ಯಾರಾದರೂ ರಾಮೆನ್ ಅಂಗಡಿ ತೆರೆದರೆ? ಸಾರು ಕಣ್ಣ ಮುಂದೆ ಕುದಿಯುತ್ತಿದ್ದರೆ, ಬಟ್ಟಲು ತೊಳೆಯುವ ಬಕೆಟ್ಟಿನ ನೀರು ಆಗಾಗ ಬದಲಾಗ್ತಿದ್ದರೆ, ಮೊಟ್ಟೆ ಬಿಸಿಲಲ್ಲಿ ಕೂತಿರದಿದ್ದರೆ ಮೊದಲ ದಿನವೇ ಹೋಗ್ತೀವಿ. ಬೆಲೆ ಮಾತ್ರ ಎಗ್ ನೂಡಲ್ಸಿನ ಆಸುಪಾಸಿನಲ್ಲಿರಲಿ ಅಣ್ಣಾ.